ಹೊಸ ಧೂಮಕೇತು ಬರಿಗಣ್ಣಿಗೆ ಕಂಡೀತೇ? ದಾರಿಯ ಲೆಕ್ಕ ಮತ್ತು ಬೆಳಕಿನ ಲೆಕ್ಕ

ಹೊಸದೊಂದು ಧೂಮಕೇತು ಪತ್ತೆಯಾದ ಸುದ್ದಿ ಬಂದ ಕೂಡಲೇ ಹವ್ಯಾಸಿ ಆಕಾಶವೀಕ್ಷಕರು ಕೇಳುವ ಪ್ರಶ್ನೆಗಳು ಎರಡೇ. ಅದು ಯಾವ ದಿನ ಆಕಾಶದ ಯಾವ ಭಾಗದಲ್ಲಿರುತ್ತದೆ ಎಂಬುದು ಒಂದು. ಎಷ್ಟು ಬೆಳಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೆಲವೇ ವಾರಗಳಲ್ಲಿ ನೆಚ್ಚಬಹುದಾದ ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ಧೂಮಕೇತು ಬಂದು ಹೋಗುವವರೆಗೂ ಖಚಿತವಾದ ಉತ್ತರವಿರುವುದಿಲ್ಲ. ಸುದ್ದಿವಾಹಿನಿಗಳು ಮಾತ್ರ ಎರಡನ್ನೂ ಒಂದೇ ಧಾಟಿಯಲ್ಲಿ, ಒಂದೇ ಭರವಸೆಯಿಂದ ಹೇಳಿಬಿಡುತ್ತವೆ. ‘ಶತಮಾನದ ಧೂಮಕೇತು’ ಎಂಬ ಬಿರುದು ಹುಟ್ಟುವುದೂ, ಆಮೇಲೆ ನಿರಾಸೆಯಾಗುವುದೂ ಹೀಗೆಯೇ. ಈ ಎರಡು ಲೆಕ್ಕಗಳು ಬೇರೆಬೇರೆ ಏಕೆ ಎಂಬುದನ್ನು ತಿಳಿಯಲು 2024ರ ಅಕ್ಟೋಬರಿನಲ್ಲಿ ನಮ್ಮ ಆಕಾಶದಲ್ಲಿಯೂ ಕಾಣಿಸಿಕೊಂಡ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿಗಿಂತ ಒಳ್ಳೆಯ ಉದಾಹರಣೆ ಇತ್ತೀಚೆಗೆ ಸಿಕ್ಕಿಲ್ಲ.

2023ರ ಫೆಬ್ರುವರಿ 22ರಂದು ದಕ್ಷಿಣ ಆಫ್ರಿಕಾದ ಸದರ್‌ಲ್ಯಾಂಡ್‌ನಲ್ಲಿರುವ ಅಟ್ಲಾಸ್ ದೂರದರ್ಶಕವು ನಕ್ಷತ್ರಗಳ ನಡುವೆ ಸ್ಥಳ ಬದಲಿಸುತ್ತಿದ್ದ ಒಂದು ಮಸುಕು ಚುಕ್ಕೆಯನ್ನು ಹಿಡಿಯಿತು. ಅಟ್ಲಾಸ್ ಧೂಮಕೇತುಗಳಿಗಾಗಿ ಕಟ್ಟಿದ ವ್ಯವಸ್ಥೆಯಲ್ಲ. ಭೂಮಿಗೆ ಅಪ್ಪಳಿಸಬಹುದಾದ ಕ್ಷುದ್ರಗ್ರಹಗಳ ಬಗ್ಗೆ ಮುಂಚಿತವಾಗಿ ಎಚ್ಚರಿಸುವುದು ಅದರ ಕೆಲಸ. ರಾತ್ರಿಯಿಡೀ ಆಕಾಶವನ್ನು ಜಾಲಾಡುವ ಇಂಥ ಯಂತ್ರಗಳ ಬಲೆಗೆ ಧೂಮಕೇತುಗಳೂ ಬೀಳುತ್ತವೆ. ಹುಡುಕಿ ನೋಡಿದಾಗ ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯವು ಇದೇ ಕಾಯವನ್ನು ಜನವರಿ 9ರಂದೇ ಚಿತ್ರಿಸಿದ್ದು, ಅದರ ಬೆನ್ನಿಗೆ ಬೇರೆ ವೀಕ್ಷಣೆಗಳು ಬಾರದೆ ಅದು ಕಳೆದುಹೋಗಿದ್ದುದು ತಿಳಿಯಿತು. ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿ 2022ರ ಡಿಸೆಂಬರ್ 22ರಂದು ತೆಗೆದ ಚಿತ್ರಗಳಲ್ಲಿಯೂ ಅದು ಸಿಕ್ಕಿತು. ಅಷ್ಟು ಹೊತ್ತಿಗಾಗಲೇ ಅದಕ್ಕೆ ಚಿಕ್ಕದೊಂದು ಬಾಲವಿತ್ತು. ಹೀಗಾಗಿ ಪರ್ಪಲ್ ಮೌಂಟನ್‌ನ ಚೀನೀ ಹೆಸರಾದ ತ್ಸುಚಿನ್‌ಶಾನ್ ಮತ್ತು ಅಟ್ಲಾಸ್ ಎರಡೂ ಅದಕ್ಕೆ ಅಂಟಿಕೊಂಡವು. ‘ಸಿ/2023 ಎ3’ ಎಂಬ ಅಧಿಕೃತ ಗುರುತಿನಲ್ಲಿ ‘ಸಿ’ ಎಂಬುದು ಗೊತ್ತಾದ ಅವಧಿಯಲ್ಲಿ ಮರಳಿ ಬರುವ ಧೂಮಕೇತು ಇದಲ್ಲ ಎಂಬುದನ್ನೂ, ‘ಎ’ ಎಂಬುದು ಜನವರಿಯ ಮೊದಲ ಹದಿನೈದು ದಿನಗಳನ್ನೂ, ‘3’ ಎಂಬುದು ಆ ಅವಧಿಯಲ್ಲಿ ದಾಖಲಾದ ಮೂರನೆಯ ಧೂಮಕೇತು ಎಂಬುದನ್ನೂ ಹೇಳುತ್ತವೆ.

ಆಗ ಅದು ಸೂರ್ಯನಿಂದ 7.3 ಖಗೋಳಮಾನ ದೂರದಲ್ಲಿತ್ತು. ಸೂರ್ಯನಿಗೂ ಭೂಮಿಗೂ ನಡುವಣ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿಲೋಮೀಟರ್, ಒಂದು ಖಗೋಳಮಾನ. ಗುರುಗ್ರಹದ ಕಕ್ಷೆಯಿಂದಲೂ ಆಚೆ ಇದ್ದ ಈ ಕಾಯ ಒಂದೂವರೆ ವರ್ಷದ ಬಳಿಕ, 2024ರ ಸೆಪ್ಟೆಂಬರ್ 27ರಂದು, ಸೂರ್ಯನಿಗೆ 0.39 ಖಗೋಳಮಾನದಷ್ಟು ಹತ್ತಿರ ಬರುತ್ತದೆಂಬುದು ಬೇಗನೆ ಗೊತ್ತಾಯಿತು. ಸೂರ್ಯನಿಗೆ ಅತಿ ಸಮೀಪದ ಈ ಬಿಂದುವನ್ನು ಕನ್ನಡದ ಖಗೋಳ ಬರಹಗಳಲ್ಲಿ ಪುರರವಿ ಎನ್ನುತ್ತಾರೆ. ಇದು ಬುಧಗ್ರಹ ಸೂರ್ಯನಿಂದ ಇರುವ ಸರಾಸರಿ ದೂರಕ್ಕೆ ಸರಿಸಮಾನ.

ಇಷ್ಟು ಮುಂಚಿತವಾಗಿ ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗುವುದು ಧೂಮಕೇತುವಿನ ದಾರಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಗುರುತ್ವಾಕರ್ಷಣೆಯೊಂದೇ ಆದ್ದರಿಂದ. ತಾತ್ವಿಕವಾಗಿ ಬೇರೆಬೇರೆ ಹೊತ್ತಿನಲ್ಲಿ ಅಳೆದ ಮೂರು ಸ್ಥಾನಗಳಿದ್ದರೆ ಕಕ್ಷೆಯೊಂದನ್ನು ಗಣಿಸಬಹುದು. ವೀಕ್ಷಣೆಯ ಅವಧಿ ಹಿಗ್ಗಿದಷ್ಟೂ ಆ ಕಕ್ಷೆ ಗಟ್ಟಿಯಾಗುತ್ತ ಹೋಗುತ್ತದೆ. ಹಳೆಯ ಚಿತ್ರಗಳಲ್ಲಿ ಧೂಮಕೇತು ಸಿಕ್ಕರೆ ಗಣಕರು ಹಿಗ್ಗುವುದು ಇದಕ್ಕಾಗಿಯೇ: ಡಿಸೆಂಬರಿನ ಆ ಒಂದು ಚಿತ್ರ ಎರಡು ತಿಂಗಳ ವೀಕ್ಷಣೆಯನ್ನು ಒಂದೇ ಏಟಿಗೆ ಸೇರಿಸಿತು. ಇಂಥ ಸ್ಥಾನಮಾಪನಗಳೆಲ್ಲ ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಬಂದು ಸೇರುತ್ತವೆ. ಅವುಗಳಲ್ಲಿ ಸ್ವಂತ ದೂರದರ್ಶಕ ಮತ್ತು ಕ್ಯಾಮೆರಾ ಇಟ್ಟುಕೊಂಡ ಹವ್ಯಾಸಿಗಳು ಕಳಿಸಿದವೂ ಧಾರಾಳವಾಗಿರುತ್ತವೆ.

ದಾರಿಯ ಲೆಕ್ಕ ಹಳೆಯ ವಿದ್ಯೆ. ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ 1705ರಲ್ಲಿ ಹೇಳಿದ ಮಾತಿನಂತೆ ಈಗ ಅವನ ಹೆಸರು ಹೊತ್ತಿರುವ ಧೂಮಕೇತು 1758ರ ಕೊನೆಗೆ ಮರಳಿತು. ಪುರರವಿಯ ದಿನವನ್ನು ಫ್ರಾನ್ಸಿನ ವಿದ್ವಾಂಸರಾದ ಕ್ಲೇರೋ, ಲಲಾಂದ್ ಮತ್ತು ನಿಕೋಲ್-ರೆನ್ ಲಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೈಲೆಕ್ಕ ಹಾಕಿ ಒಂದು ತಿಂಗಳ ಆಚೀಚೆಯೊಳಗೆ ಸರಿಯಾಗಿ ಹೇಳಿದ್ದರು. ಆ ವರ್ಷದ ಕ್ರಿಸ್‌ಮಸ್ ರಾತ್ರಿ ಅದನ್ನು ಮೊದಲು ಕಂಡವನು ಯೋಹಾನ್ ಪಾಲಿಚ್ ಎಂಬ, ಡ್ರೆಸ್ಡೆನ್ ಬಳಿಯ ಬೇಸಾಯಗಾರ. ಧೂಮಕೇತುವಿನ ಬರವನ್ನು ಮುಂದಾಗಿ ತಿಳಿದು ಕಾದು ಕುಳಿತ ಹವ್ಯಾಸಿಗಳ ಸಾಲಿನಲ್ಲಿ ಈತನದು ಮೊದಲ ಹೆಸರೆಂದರೂ ಸಲ್ಲುತ್ತದೆ.

ದಾರಿಯ ಲೆಕ್ಕವೂ ತಪ್ಪಾಗಿ ಪ್ರಚಾರವಾಗುವುದುಂಟು. ತ್ಸುಚಿನ್‌ಶಾನ್-ಅಟ್ಲಾಸ್ 80,000 ವರ್ಷಗಳಿಗೊಮ್ಮೆ ಬರುತ್ತದೆಂದು 2024ರಲ್ಲಿ ಎಲ್ಲೆಡೆ ಅಚ್ಚಾಯಿತು. ಅದರ ಕಕ್ಷೆ ಪರವಲಯಕ್ಕೆ, ಅಂದರೆ ಹೋದದ್ದು ಮರಳಿ ಬಾರದ ತೆರೆದ ದಾರಿಗೆ, ಅತ್ಯಂತ ಸಮೀಪದ್ದು. ಇಂಥ ಕಕ್ಷೆಯಲ್ಲಿ ಉತ್ಕೇಂದ್ರತೆಯ (ಕಕ್ಷೆ ಎಷ್ಟು ಉದ್ದಕ್ಕೆ ಚಾಚಿದೆ ಎಂಬುದರ ಅಳತೆ) ಕೊನೆಯ ದಶಮಾಂಶ ಸ್ಥಾನಗಳಲ್ಲಿ ಆಗುವ ಸಣ್ಣ ತಿದ್ದುಪಡಿಯೂ ಅವಧಿಯನ್ನು ಸಾವಿರಗಳಿಂದ ಲಕ್ಷಗಳಿಗೆ, ಲಕ್ಷಗಳಿಂದ ಅನಂತಕ್ಕೆ ಜಿಗಿಸಬಲ್ಲದು. ವೀಕ್ಷಣೆಯ ಒಂದು ಹಂತದಲ್ಲಿ ಗಣಕಯಂತ್ರ ತೋರಿಸಿದ ಅಂಕಿಯನ್ನೇ ಹಿಡಿದು ಧೂಮಕೇತುವಿಗೊಂದು ವೇಳಾಪಟ್ಟಿ ಬರೆಯುವುದು ಸರಿಯಲ್ಲ. ಅದು ಸೌರವ್ಯೂಹದ ಅತಿದೂರದ ಅಂಚಿನಲ್ಲಿರುವ ಊರ್ಟ್ ಮೋಡದಿಂದ ಬಂದದ್ದು; ಗ್ರಹಗಳ ಸೆಳೆತಕ್ಕೆ ಸಿಕ್ಕಿ ಸೌರವ್ಯೂಹವನ್ನೇ ಬಿಟ್ಟು ಹೋಗುವ ಸಂಭವವೂ ಇದೆ. ಆದರೆ ಇಂತಿಷ್ಟು ತಿಂಗಳ ಬಳಿಕ ಇಂಥ ದಿನ ಯಾವ ನಕ್ಷತ್ರದ ಪಕ್ಕದಲ್ಲಿರುತ್ತದೆ ಎಂಬುದರಲ್ಲಿ ಈ ಅನಿಶ್ಚಯ ಏನೂ ಕೆಡಿಸುವುದಿಲ್ಲ.

ಇನ್ನು ಬೆಳಕಿನ ಮಾತು. ಆಕಾಶಕಾಯಗಳ ಹೊಳಪನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ವೀಕ್ಷಕರು ತಮ್ಮತಮ್ಮಲ್ಲಿ ಆಡುವಾಗ ಮ್ಯಾಗ್ನಿಟ್ಯೂಡ್ ಎಂದೇ ಹೇಳುವುದು ರೂಢಿ. ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಐದು ಅಂಕಿಗಳ ಅಂತರವೆಂದರೆ ಹೊಳಪಿನಲ್ಲಿ ನೂರು ಪಟ್ಟು ವ್ಯತ್ಯಾಸ. ಕತ್ತಲೆಯ ಹಳ್ಳಿಯಲ್ಲಿ ಒಳ್ಳೆಯ ಕಣ್ಣಿಗೆ ಕಾಣುವ ಕೊನೆಯ ನಕ್ಷತ್ರಗಳು 6ರ ಸುಮಾರಿನವು. ಬೆಂಗಳೂರಿನ ನಡುವೆ 3ನೆಯ ಕಾಂತಿಮಾನದ ನಕ್ಷತ್ರವನ್ನು ಗುರುತಿಸಿದರೆ ಅದೇ ಹೆಚ್ಚು. ತ್ಸುಚಿನ್‌ಶಾನ್-ಅಟ್ಲಾಸ್ ಪತ್ತೆಯಾದಾಗ ಅದರ ಕಾಂತಿಮಾನ 18ರ ಆಸುಪಾಸಿನಲ್ಲಿತ್ತು, ಅಂದರೆ ಬರಿಗಣ್ಣಿನ ಎಲ್ಲೆಗಿಂತ ಅರವತ್ತು ಸಾವಿರ ಪಟ್ಟು ಮಸುಕು.

ಇದನ್ನು ಮುಂದಕ್ಕೆ ಎಳೆದು ನೋಡುವ ಸೂತ್ರ ಸರಳವಾದದ್ದು. ಧೂಮಕೇತು ಭೂಮಿಗೆ ಹತ್ತಿರ ಬಂದಂತೆ ಅದರ ಹೊಳಪು ದೂರದ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಇದು ದೀಪಕ್ಕೂ ನಕ್ಷತ್ರಕ್ಕೂ ಅನ್ವಯಿಸುವ ನಿಯಮ, ಇದರಲ್ಲಿ ಸಂದೇಹವಿಲ್ಲ. ಸೂರ್ಯನಿಗೆ ಹತ್ತಿರ ಬಂದಂತೆ ಹೊಳಪು ಏರುವುದು ಮಾತ್ರ ಯಾವ ಘಾತದಲ್ಲಿ ಎಂಬುದು ಧೂಮಕೇತುವಿನಿಂದ ಧೂಮಕೇತುವಿಗೆ ಬೇರೆ. ಬರಿಯ ಕಲ್ಲಾಗಿದ್ದರೆ ಅದು ಬಿಸಿಲನ್ನು ಪ್ರತಿಫಲಿಸುವುದಷ್ಟೇ, ಹಾಗಾಗಿ ಘಾತ 2, ಅಂದರೆ ದೂರ ಅರ್ಧವಾದರೆ ಹೊಳಪು ನಾಲ್ಕು ಪಟ್ಟು. ಧೂಮಕೇತುವಾದರೆ ಸಮೀಪಿಸಿದಂತೆಲ್ಲ ಹೆಚ್ಚುಹೆಚ್ಚು ಅನಿಲ ಮತ್ತು ಧೂಳನ್ನು ಹೊರಚೆಲ್ಲಿ ತನ್ನ ಸುತ್ತಣ ಮುಸುಕನ್ನು ಹಿಗ್ಗಿಸಿಕೊಳ್ಳುತ್ತದೆ, ಹಾಗಾಗಿ ಘಾತ 2ಕ್ಕಿಂತ ಹೆಚ್ಚು. ಬೇರೆ ಮಾಹಿತಿ ಇಲ್ಲದಾಗ 4 ಎಂದು ಇಟ್ಟುಕೊಳ್ಳುವುದು ವಾಡಿಕೆ.

ಈ ಒಂದು ಅಂಕಿ ಎಷ್ಟು ದೊಡ್ಡ ವ್ಯತ್ಯಾಸ ತರುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಪತ್ತೆಯಾದಾಗ ಕಾಂತಿಮಾನ 18.1, ಸೂರ್ಯನಿಂದ ದೂರ 7.3, ಭೂಮಿಯಿಂದ ದೂರವೂ ಹೆಚ್ಚುಕಡಿಮೆ ಅಷ್ಟೇ ಎಂದಿಟ್ಟುಕೊಳ್ಳೋಣ. 2024ರ ಅಕ್ಟೋಬರ್ 12ರಂದು ಸೂರ್ಯನಿಂದ ದೂರ ಸುಮಾರು 0.55, ಭೂಮಿಯಿಂದ ದೂರ ಸುಮಾರು 0.47. ಘಾತ 4 ಆದರೆ ಅಂದಿನ ಕಾಂತಿಮಾನ ಸುಮಾರು 1 ಎಂದು ಬರುತ್ತದೆ: ಸ್ವಾತಿ, ಚಿತ್ತಾ ನಕ್ಷತ್ರಗಳ ಗುಂಪಿಗೆ ಸೇರಿಸಬಹುದಾದ ಹೊಳಪು. ಘಾತ 3 ಆದರೆ 3.7: ಊರ ಹೊರಗೆ ಹೋದರೆ ಕಾಣುತ್ತದೆ, ನಗರದಲ್ಲಿ ಇಲ್ಲ. ಘಾತ 2 ಆದರೆ 6.5: ಬೈನಾಕ್ಯುಲರ್ ಬೇಕೇಬೇಕು. ಒಂದೇ ವೀಕ್ಷಣೆ, ಒಂದೇ ಕಕ್ಷೆ, ಒಂದೇ ದಿನ. ಆದರೂ ಮೊದಲ ಮತ್ತು ಕೊನೆಯ ಉತ್ತರಗಳ ನಡುವೆ ಹೊಳಪಿನಲ್ಲಿ ನೂರೈವತ್ತು ಪಟ್ಟಿಗೂ ಮೀರಿದ ಅಂತರ. ಹತ್ತೊಂಬತ್ತು ತಿಂಗಳು ಮುಂಚೆ ಪ್ರಕಟವಾದ ಕಾಂತಿಮಾನದ ಅಂಕಿಯ ಹಿಂದೆ ಹೀಗೊಂದು ಊಹೆ ಅಡಗಿರುತ್ತದೆ, ಮತ್ತು ಸುದ್ದಿಯಲ್ಲಿ ಬರುವುದು ಅಂಕಿ ಮಾತ್ರ.

ಘಾತವನ್ನು ಮೊದಲೇ ತಿಳಿಯಲಾಗದ್ದು ನಮ್ಮ ಗಣಿತದ ಬಡತನದಿಂದಲ್ಲ, ಧೂಮಕೇತುವಿನ ಒಡಲೊಳಗೆ ಏನಿದೆ ಎಂಬುದು ಕಾಣದ್ದರಿಂದ. ಅದರ ನ್ಯೂಕ್ಲಿಯಸ್ ಸಾಮಾನ್ಯವಾಗಿ ಕೆಲವು ಕಿಲೋಮೀಟರ್ ಅಗಲದ, ಹಿಮ ಮತ್ತು ಧೂಳು ಬೆರೆತ ಸಡಿಲವಾದ ಉಂಡೆ. ಅದೂ ತಾನೇ ಎಬ್ಬಿಸಿದ ಮುಸುಕಿನ ಹಿಂದೆ ಮರೆಯಾಗಿರುತ್ತದೆ. ಅದರಲ್ಲಿರುವ ಹಿಮಗಳು ಒಂದೇ ಬಗೆಯವಲ್ಲ. ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್‌ನಂಥವು ಸೂರ್ಯನಿಂದ ಬಹುದೂರದಲ್ಲಿ, ಅತ್ಯಂತ ಚಳಿಯಲ್ಲಿಯೇ ನೇರವಾಗಿ ಆವಿಯಾಗತೊಡಗುತ್ತವೆ. ನೀರಿನ ಹಿಮ ಬಿರುಸಾಗಿ ಆವಿಯಾಗಬೇಕಾದರೆ ಧೂಮಕೇತು ಸುಮಾರು 3 ಖಗೋಳಮಾನದ ಒಳಗೆ ಬರಬೇಕು. ಊರ್ಟ್ ಮೋಡದಿಂದ ಮೊದಲ ಬಾರಿಗೆ ಬರುತ್ತಿರುವ ಧೂಮಕೇತುವಿನ ಮೇಲ್ಪದರ ಎಂದೂ ಬಿಸಿಲು ಕಂಡದ್ದಲ್ಲ; ಬೇಗ ಆವಿಯಾಗುವ ಆ ಹಿಮಗಳು ಅಲ್ಲಿ ಮುಟ್ಟದೆ ಉಳಿದಿರುತ್ತವೆ. ಹಾಗಾಗಿ ಅದು ಗುರುವಿನ ಕಕ್ಷೆಯ ಆಚೆಯೇ ಜೋರಾಗಿ ಬೆಳಗಿ, ತನ್ನ ಗಾತ್ರಕ್ಕೆ ಮೀರಿದ ಭರವಸೆ ಹುಟ್ಟಿಸುತ್ತದೆ. ಆ ತೆಳು ಸರಕು ತೀರಿದ ಮೇಲೆ ಬೆಳಗುವ ವೇಗ ಕುಗ್ಗುತ್ತದೆ. ದೂರದ ವೀಕ್ಷಣೆಯನ್ನೇ ಹಿಡಿದು 4ರ ಘಾತದಲ್ಲಿ ಮುಂದಕ್ಕೆ ಎಳೆದವರು ಮೋಸಹೋಗುವುದು ಇಲ್ಲಿಯೇ.

ಇದರ ಪಾಠ ಮೊದಲು ದೊರೆತದ್ದು 1973ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಲುಬೋಷ್ ಕೊಹೌಟೆಕ್ ಹ್ಯಾಂಬರ್ಗ್ ವೀಕ್ಷಣಾಲಯದಲ್ಲಿ ಕಂಡ ಧೂಮಕೇತು ಆಗಿನ್ನೂ ಬಹಳ ದೂರದಲ್ಲಿತ್ತು. ಅಷ್ಟು ದೂರದಲ್ಲೇ ಕಂಡದ್ದರಿಂದ ಡಿಸೆಂಬರ್ 28ರ ಪುರರವಿಯ ಹೊತ್ತಿಗೆ ಅದ್ಭುತವಾಗುತ್ತದೆಂದು ಜಗತ್ತಿಗೆ ಸಾರಲಾಯಿತು. ಕೊನೆಗೆ ಅದು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಗಗನಯಾತ್ರಿಗಳಿಗೂ ವಿಜ್ಞಾನಿಗಳಿಗೂ ಒಳ್ಳೆಯ ಸಾಮಗ್ರಿಯಾಯಿತು, ಬೀದಿಯಲ್ಲಿ ನಿಂತು ತಲೆಯೆತ್ತಿದವರಿಗೆ ಏನೂ ದಕ್ಕಲಿಲ್ಲ. 2012ರ ಸೆಪ್ಟೆಂಬರ್ 21ರಂದು ರಷ್ಯಾದ ಕಿಸ್ಲೊವೋಡ್ಸ್ಕ್ ಬಳಿಯ ದೂರದರ್ಶಕದಿಂದ ವಿತಾಲಿ ನೆವ್ಸ್ಕಿ ಮತ್ತು ಆರ್ತ್ಯೋಮ್ ನೊವಿಚೊನಾಕ್ ಕಂಡ ಐಸಾನ್ ಧೂಮಕೇತುವಿನ ಕತೆ ಇನ್ನೂ ಕಠೋರ. ಅದು ಹುಣ್ಣಿಮೆಯ ಚಂದ್ರನನ್ನೂ ಮೀರಿಸುತ್ತದೆಂಬ ಮಾತು ಹಬ್ಬಿತ್ತು. 2013ರ ನವೆಂಬರ್ 28ರಂದು ಸೂರ್ಯನ ಮೇಲ್ಮೈಯಿಂದ ಹನ್ನೆರಡು ಲಕ್ಷ ಕಿಲೋಮೀಟರಿಗಿಂತ ಸಮೀಪದಲ್ಲಿ ಹಾದುಹೋಗುವಾಗ ಚೂರಾಗಿ ಧೂಳಾಯಿತು. ಇಲ್ಲಿಯೂ ದಾರಿಯ ಲೆಕ್ಕ ಕೊನೆಯವರೆಗೆ ಸರಿಯಾಗಿಯೇ ಇತ್ತು. ದಾರಿಯಲ್ಲಿ ಬರಬೇಕಾದ ವಸ್ತುವೇ ಉಳಿಯಲಿಲ್ಲ.

ತ್ಸುಚಿನ್‌ಶಾನ್-ಅಟ್ಲಾಸ್‌ಗೂ ಇದೇ ಗತಿ ಎಂದು 2024ರ ಜುಲೈನಲ್ಲಿ ಹಲವರಿಗೆ ಅನಿಸಿತ್ತು. ವಸಂತದಲ್ಲಿ 10ರ ಆಸುಪಾಸಿಗೆ ಏರಿದ್ದ ಅದರ ಹೊಳಪು ಅಲ್ಲಿಯೇ ನಿಂತುಬಿಟ್ಟಿತ್ತು. ಸೂರ್ಯನಿಗೆ ದಿನದಿನಕ್ಕೆ ಹತ್ತಿರವಾಗುತ್ತಿದ್ದರೂ ಬೆಳಗುತ್ತಿರಲಿಲ್ಲ. ಧೂಮಕೇತುಗಳ ಒಡೆಯುವಿಕೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಜ್ದೆನೆಕ್ ಸೆಕಾನಿನಾ ಅದು ಪುರರವಿಗೆ ಮೊದಲೇ ಪುಡಿಯಾಗುವುದು ಅನಿವಾರ್ಯವೆಂದು ಪ್ರಬಂಧ ಬರೆದರು. ಅವರ ವಾದಕ್ಕೆ ಆಧಾರವಿಲ್ಲದೆ ಇರಲಿಲ್ಲ: ನಿಂತುಹೋದ ಹೊಳಪು, ಬಾಲದ ವಿಚಿತ್ರ ಆಕಾರ, ಕಕ್ಷೆಯಲ್ಲಿ ಗುರುತ್ವಕ್ಕೆ ಹೊರತಾದ ತಳ್ಳುವಿಕೆಯ ಚಿಹ್ನೆ. ಬೇರೆ ವೀಕ್ಷಕರು ಅದೇ ಮಾಹಿತಿಯನ್ನು ಬೇರೆ ರೀತಿ ಓದಿದರು. ಸೂರ್ಯ, ಧೂಮಕೇತು ಮತ್ತು ಭೂಮಿಯ ನಡುವಣ ಕೋನ ಬದಲಾದದ್ದರಿಂದಲೂ ಹೊಳಪು ನಿಂತಂತೆ ತೋರಬಹುದೆಂಬುದು ಅವರ ಎಣಿಕೆ. ತೀರ್ಮಾನವಾಗುವ ಮುನ್ನವೇ ಧೂಮಕೇತು ಸೂರ್ಯನ ಪ್ರಭೆಯೊಳಗೆ ಮರೆಯಾಯಿತು. ಬದುಕಿದೆಯೋ ಇಲ್ಲವೋ ಎಂಬುದು ಗೊತ್ತಾದದ್ದು ಸೆಪ್ಟೆಂಬರಿನಲ್ಲಿ, ದಕ್ಷಿಣ ಗೋಳಾರ್ಧದ ಹವ್ಯಾಸಿಗಳು ನಸುಕಿನ ಬೆಳಕಿನಲ್ಲಿ ಅದನ್ನು ಮತ್ತೆ ಹಿಡಿದಾಗ. ಅದು ಇಡಿಯಾಗಿತ್ತು, ಬಾಲ ಬೆಳೆದಿತ್ತು, ಬರಿಗಣ್ಣಿನ ಎಲ್ಲೆಯನ್ನು ಮುಟ್ಟುತ್ತಿತ್ತು.

ಹವ್ಯಾಸಿಗಳ ಕೊಡುಗೆ ಏನೆಂಬುದು ಇಂಥ ಘಳಿಗೆಯಲ್ಲಿ ಸ್ಪಷ್ಟವಾಗುತ್ತದೆ. ದೊಡ್ಡ ದೂರದರ್ಶಕಗಳನ್ನು ದಿಗಂತದ ಅಂಚಿಗೆ, ಬೆಳಗುತ್ತಿರುವ ಆಕಾಶಕ್ಕೆ ತಿರುಗಿಸಲಾಗುವುದಿಲ್ಲ. ಬೈನಾಕ್ಯುಲರ್ ಹಿಡಿದು ಬೆಟ್ಟದ ಮೇಲೆ ನಿಂತವರಿಗೆ ಆ ತೊಡಕಿಲ್ಲ. ಧೂಮಕೇತುವಿನ ಒಟ್ಟು ಹೊಳಪನ್ನು ಅಳೆಯುವುದರಲ್ಲಿಯೂ ಪಳಗಿದ ಕಣ್ಣು ಇಂದಿಗೂ ಕೆಲಸಕ್ಕೆ ಬರುತ್ತದೆ. ಅದರ ಕ್ರಮ ಹೀಗೆ: 10x50 ಬೈನಾಕ್ಯುಲರಿನಲ್ಲಿ ಧೂಮಕೇತುವನ್ನು ಸ್ಪಷ್ಟವಾಗಿ ಕೂಡಿಸಿಕೊಂಡು ಅದರ ತಲೆಯ ಅಗಲವನ್ನೂ ಸರಾಸರಿ ಹೊಳಪನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೇರವಾಗಿ ದಿಟ್ಟಿಸಿದರೆ ಮಸುಕಾದ ಅಂಚು ಮಾಯವಾಗುತ್ತದೆ. ಪಕ್ಕದಲ್ಲಿ ಎಲ್ಲೋ ನೋಡುತ್ತ ಕಡೆಗಣ್ಣಿಗೆ ಅದನ್ನು ಬಿಟ್ಟುಕೊಟ್ಟರೆ ತಲೆ ದೊಡ್ಡದಾಗಿ ಕಾಣುತ್ತದೆ. ಅನಂತರ ಅದೇ ಎತ್ತರದಲ್ಲಿರುವ, ಕಾಂತಿಮಾನ ಗೊತ್ತಿರುವ ನಕ್ಷತ್ರದ ಕಡೆ ತಿರುಗಿ, ಫೋಕಸ್ ಚಕ್ರವನ್ನು ತಿರುಗಿಸುತ್ತ ನಕ್ಷತ್ರವನ್ನು ಧೂಮಕೇತುವಿನ ತಲೆಯಷ್ಟೇ ಅಗಲದ ಮಸುಕು ಬಿಲ್ಲೆಯಾಗಿ ಹರಡಬೇಕು. ಆ ಬಿಲ್ಲೆ ಧೂಮಕೇತುವಿಗಿಂತ ಹೊಳಪೇ, ಮಸುಕೇ? ಹೊಳಪಾದ ಒಂದು ನಕ್ಷತ್ರ, ಮಸುಕಾದ ಒಂದು ನಕ್ಷತ್ರ ಸಿಗುವವರೆಗೆ ಹುಡುಕಿ, ನಡುವೆ ಎಲ್ಲಿ ನಿಲ್ಲುತ್ತದೆಂದು ಅಂದಾಜು ಮಾಡಬೇಕು. ಒಂದು 5.0, ಇನ್ನೊಂದು 6.0 ಆಗಿದ್ದು ಧೂಮಕೇತು ಮೊದಲನೆಯದಕ್ಕೆ ತುಸು ಹೆಚ್ಚು ಹತ್ತಿರವಿದ್ದರೆ 5.4 ಎಂದು ಬರೆದುಕೊಳ್ಳುವುದು.

ಇಬ್ಬರು ಅನುಭವಸ್ಥರ ಅಂದಾಜಿನಲ್ಲಿ ಅರ್ಧ ಅಂಕಿ ವ್ಯತ್ಯಾಸ ಬರುವುದು ಸಾಮಾನ್ಯ. ದೂರದರ್ಶಕ ದೊಡ್ಡದಾದಷ್ಟೂ ಧೂಮಕೇತು ಮಸುಕಾಗಿ ತೋರುವುದರಿಂದ, ಕಾಣುವಷ್ಟು ಸಾಕಾಗುವ ಅತಿ ಚಿಕ್ಕ ಉಪಕರಣವನ್ನು ಬಳಸಬೇಕೆಂಬುದು ವೀಕ್ಷಕರ ನಿಯಮ. ಹೀಗೆ ಬಂದ ಅಂಕಿಗಳನ್ನು ದಿನಾಂಕ, ಉಪಕರಣ, ತಲೆಯ ಅಗಲ, ಬಾಲದ ಉದ್ದ ಮತ್ತು ದಿಕ್ಕುಗಳೊಂದಿಗೆ ಸ್ಲೊವೇನಿಯಾದ ಚೆರ್ನಿ ವರ್ಹ್ ವೀಕ್ಷಣಾಲಯ ನಡೆಸುವ ಧೂಮಕೇತು ವೀಕ್ಷಣೆಗಳ ಸಂಗ್ರಹಕ್ಕೆ ಯಾರು ಬೇಕಾದರೂ ಸಲ್ಲಿಸಬಹುದು. ಘಾತ ನಿಜಕ್ಕೂ ಎಷ್ಟಿದೆ ಎಂಬುದನ್ನು ಕಂಡುಹಿಡಿಯುವುದು ನೂರಾರು ಕಣ್ಣುಗಳಿಂದ ಬಂದ ಈ ಚುಕ್ಕೆಗಳ ನಡುವೆ ಗೆರೆ ಎಳೆದೇ.

ಕಾಂತಿಮಾನದ ಅಂಕಿ ಸರಿಯಾಗಿಯೇ ಬಂದಿತೆನ್ನಿ, ಆಗಲೂ ಧೂಮಕೇತು ಕಂಡೇ ಕಾಣುತ್ತದೆಂದು ಹೇಳುವಂತಿಲ್ಲ. ನಕ್ಷತ್ರದ ಬೆಳಕೆಲ್ಲ ಒಂದು ಬಿಂದುವಿನಲ್ಲಿ ಇರುತ್ತದೆ; ಧೂಮಕೇತುವಿನ ಬೆಳಕು ಅಗಲವಾದ ಮುಸುಕಿನಲ್ಲಿ ಹರಡಿರುತ್ತದೆ. 5ನೆಯ ಕಾಂತಿಮಾನದ ನಕ್ಷತ್ರ ಸುಲಭವಾಗಿ ಕಾಣುವ ಕಡೆ ಅದೇ ಅಂಕಿಯ ಧೂಮಕೇತು ಸುಳಿವೂ ಇಲ್ಲದೆ ಇರಬಹುದು. ಮೇಲಾಗಿ ಅದು ಅತಿ ಹೆಚ್ಚು ಬೆಳಗುವುದು ಸೂರ್ಯನ ಹತ್ತಿರವಿದ್ದಾಗ, ಅಂದರೆ ಆಕಾಶದಲ್ಲಿಯೂ ಸಾಮಾನ್ಯವಾಗಿ ಸೂರ್ಯನ ಪಕ್ಕದಲ್ಲಿಯೇ ಇದ್ದಾಗ. ಸೂರ್ಯೋದಯಕ್ಕೆ ಮುನ್ನವೋ ಸೂರ್ಯಾಸ್ತದ ನಂತರವೋ ದಿಗಂತಕ್ಕೆ ಅಂಟಿಕೊಂಡಂತೆ ಸಿಗುವ ಅರ್ಧ ಗಂಟೆಯಲ್ಲಿ ಅದನ್ನು ನೋಡಬೇಕು. ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿ ಶುದ್ಧ ಗಾಳಿಯೇ ಒಂದು ಕಾಂತಿಮಾನಕ್ಕಿಂತ ಹೆಚ್ಚನ್ನು ನುಂಗುತ್ತದೆ, 5 ಡಿಗ್ರಿಯಲ್ಲಿ ಎರಡಕ್ಕಿಂತ ಹೆಚ್ಚು. ಧೂಳು, ಹೊಗೆ, ಮಂಜು ಇದ್ದರೆ ಇನ್ನೂ ಹೆಚ್ಚು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂಬುದನ್ನು ನೆನಪಿಟ್ಟರೆ ಎಷ್ಟು ತಗ್ಗಿನ ಮಾತಿದು ಎಂಬುದು ತಿಳಿಯುತ್ತದೆ.

ಅಕ್ಷಾಂಶದ ಪಾಲೂ ಇದರಲ್ಲಿದೆ. 2024ರ ಸೆಪ್ಟೆಂಬರ್ ಕೊನೆಯ ವಾರ ತ್ಸುಚಿನ್‌ಶಾನ್-ಅಟ್ಲಾಸ್ ಸಿಂಹ ರಾಶಿಯ ದಕ್ಷಿಣಕ್ಕೆ, ಸೂರ್ಯನಿಂದ ಇಪ್ಪತ್ತು ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿತ್ತು. ಯುರೋಪಿನಲ್ಲಿ ಅದು ಸೂರ್ಯನ ಜತೆಜತೆಗೇ ಓರೆಯಾಗಿ ಮೇಲೇರುತ್ತಿದ್ದುದರಿಂದ ನಸುಕಿನಲ್ಲಿ ಕರಗಿಹೋಯಿತು. ಬೆಂಗಳೂರಿನ 13 ಡಿಗ್ರಿ ಅಕ್ಷಾಂಶದಲ್ಲಿ ಆಕಾಶಕಾಯಗಳು ಹೆಚ್ಚು ನೆಟ್ಟಗೆ ಏರುತ್ತವೆ. ಹಾಗಾಗಿ ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲು ಪೂರ್ವ ದಿಗಂತದಿಂದ ಹತ್ತು ಡಿಗ್ರಿಗೆ ತುಸು ಕಡಿಮೆ ಎತ್ತರದಲ್ಲಿ ಅದು ನಿಂತಿರುತ್ತಿತ್ತು. ಮೋಡ ಸರಿದ ಬೆಳಗುಗಳಲ್ಲಿ ಎದ್ದು ನೋಡಿದವರಿಗೆ ಬೈನಾಕ್ಯುಲರಿನಲ್ಲಿ ತಲೆ ಮತ್ತು ಮೇಲ್ಮುಖವಾದ ಬಾಲ ಸಿಕ್ಕವು; ನಗರದೊಳಗಿನಿಂದಲೇ ಚಿತ್ರ ತೆಗೆದವರೂ ಇದ್ದಾರೆ.

ಆಮೇಲೆ ನಡೆದದ್ದು ಘಾತದ ಲೆಕ್ಕಕ್ಕೆ ಸೇರದ ಸಂಗತಿ. ಅಕ್ಟೋಬರ್ 9ರ ಸುಮಾರಿಗೆ ಧೂಮಕೇತು ಹೆಚ್ಚುಕಡಿಮೆ ಸೂರ್ಯನಿಗೂ ಭೂಮಿಗೂ ನಡುವೆ ಹಾದುಹೋಯಿತು. ಸೂಕ್ಷ್ಮವಾದ ಧೂಳಿನ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಬಂದ ಕಡೆಗೆ ಹಿಂತಿರುಗಿಸುವುದಕ್ಕಿಂತ ಮುಂದಕ್ಕೆ ಚೆದುರಿಸುವುದೇ ಹೆಚ್ಚು. ಸಂಜೆ ಪಶ್ಚಿಮಕ್ಕೆ ಮುಖಮಾಡಿ ಹೋಗುವ ಬಸ್ಸಿನ ಮುಂದಿನ ಗಾಜಿನ ಮೇಲಣ ಧೂಳು, ಸೂರ್ಯ ನೇರಕ್ಕೆ ಬಂದಾಗ ಒಮ್ಮೆಲೇ ಬೆಳ್ಳಗೆ ಉರಿದಂತೆ ಕಾಣುವುದು ಇದೇ ಕಾರಣಕ್ಕೆ. ಧೂಳು ತುಂಬಿದ ಧೂಮಕೇತು ನಮಗೂ ಸೂರ್ಯನಿಗೂ ನಡುವೆ ಬಂದಾಗ ಅದರ ಹೊಳಪು ಕೆಲವು ದಿನಗಳ ಮಟ್ಟಿಗೆ ಹತ್ತಾರು ಪಟ್ಟು ಏರುತ್ತದೆ. ಅಂದು ಇದರ ಕಾಂತಿಮಾನ ಸುಮಾರು -4.9ನ್ನು ಮುಟ್ಟಿತು, ಅಂದರೆ ಶುಕ್ರಗ್ರಹದ ಗರಿಷ್ಠ ಹೊಳಪಿಗೆ ಸಮ. ಆದರೆ ಸೂರ್ಯನಿಂದ ಕೆಲವೇ ಡಿಗ್ರಿ ದೂರದಲ್ಲಿದ್ದುದರಿಂದ ನೆಲದ ಮೇಲಿನವರಿಗೆ ಅದು ಅಪ್ರಯೋಜಕ. ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಆಕಾಶವನ್ನು ಚಿತ್ರಿಸುವ ಸೋಹೋ ನೌಕೆಯ ಕ್ಯಾಮೆರಾದಲ್ಲಿ ಅಕ್ಟೋಬರ್ 7ರಿಂದ 11ರವರೆಗೆ ಅದು ದಾಟಿಹೋದದ್ದನ್ನು ಮನೆಯಲ್ಲಿ ಕುಳಿತು ನೋಡಬಹುದಾಗಿತ್ತು.

12ರಿಂದ ಅದು ಸಂಜೆಯ ಪಶ್ಚಿಮಾಕಾಶಕ್ಕೆ ಬಂತು. ಅಂದೇ ಭೂಮಿಗೆ ಅತಿ ಸಮೀಪ, ಸುಮಾರು 7 ಕೋಟಿ ಕಿಲೋಮೀಟರ್. ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ. ಅವೆರಡರ ನಡುವೆ ದಿನದಿನಕ್ಕೆ ಮೇಲೇರಿತು. 14ರಂದು ಭೂಮಿ ಅದರ ಕಕ್ಷೆಯ ತಲವನ್ನು ದಾಟಿದಾಗ ಹಿಂದೆ ಉಳಿದ ಧೂಳಿನ ಹಾಳೆ ಅಂಚಿನ ಕಡೆಯಿಂದ ಕಂಡು, ಸೂರ್ಯನ ಕಡೆಗೇ ಚಾಚಿದ ತೆಳುಗೆರೆಯೊಂದು ಚಿತ್ರಗಳಲ್ಲಿ ಮೂಡಿತು, ಇದನ್ನು ಪ್ರತಿಬಾಲವೆನ್ನಬಹುದು. ಕಾಂತಿಮಾನವೂ ಬರಿಗಣ್ಣಿಗೆ ಸಾಕಷ್ಟಿತ್ತು. ಆದರೆ ಕರ್ನಾಟಕದಲ್ಲಿ ಅದೇ ವಾರ ಹವೆ ಕೈಕೊಟ್ಟಿತು: ದಕ್ಷಿಣ ಭಾರತಕ್ಕೆ ಹಿಂಗಾರು ಪ್ರವೇಶಿಸಿದ್ದು ಅಕ್ಟೋಬರ್ 15ರಂದು, ಬೆಂಗಳೂರಿನಲ್ಲಿ ಬೀದಿಗಳಲ್ಲಿ ನೀರು ನಿಂತದ್ದೂ ಆಗಲೇ. 17ರಂದು ಹುಣ್ಣಿಮೆ. ಮೋಡ ಬಿಡುವು ಕೊಡುವ ಹೊತ್ತಿಗೆ ಚಂದ್ರನ ಬೆಳಕು, ಚಂದ್ರ ತಡವಾಗಿ ಏಳತೊಡಗುವ ಹೊತ್ತಿಗೆ ಧೂಮಕೇತು ಮಸುಕು. ಧೂಮಕೇತುವಿನ ಮುನ್ಸೂಚನೆಯಲ್ಲಿ ಹವಾಮಾನ ಇಲಾಖೆಯ ನಕ್ಷೆಗೂ ಪಂಚಾಂಗಕ್ಕೂ ಕಾಂತಿಮಾನದಷ್ಟೇ ಬೆಲೆಯಿದೆ.

ಎಲ್ಲ ಧೂಮಕೇತುಗಳೂ ಹೇಳಿದ್ದಕ್ಕಿಂತ ಕಡಿಮೆಯೇ ಬೆಳಗುತ್ತವೆಂದು ತಿಳಿಯಬಾರದು. 2025ರ ಜನವರಿ 3ರಂದು ಅರಿಜೋನಾದ ಮೌಂಟ್ ಲೆಮನ್ ಸಮೀಕ್ಷೆ ಕಂಡ ಲೆಮನ್ ಧೂಮಕೇತು ಹೆಚ್ಚೆಂದರೆ 10ನ್ನು ಮುಟ್ಟೀತೆಂದು ಮೊದಲಿಗೆ ಎಣಿಸಿದ್ದರು. ಆಗಸ್ಟಿನಲ್ಲಿ ಅದು ಎಣಿಕೆ ಮೀರಿ ಬೆಳಗಿ, ಅಕ್ಟೋಬರಿನಲ್ಲಿ 4ರ ಆಸುಪಾಸಿಗೆ ಬಂತು. ಅದರ ಕಕ್ಷೆಯನ್ನು ಹಿಂದಕ್ಕೆ ಎಳೆದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಮ್ಮೆ ಬಂದುಹೋದದ್ದೆಂದು ತಿಳಿಯುತ್ತದೆ; ಬೇಗ ಆವಿಯಾಗುವ ಮೇಲ್ಪದರವನ್ನು ಹಿಂದೆಯೇ ಕಳೆದುಕೊಂಡ ಇಂಥ ಧೂಮಕೇತು ದೂರದಲ್ಲಿ ಮಂಕಾಗಿದ್ದು, ನೀರಿನ ಹಿಮ ಆವಿಯಾಗತೊಡಗಿದ ಮೇಲೆ ಬಿರುಸಾಗಿ ಏರುವುದು ಅಚ್ಚರಿಯಲ್ಲ. ಅದು ಭೂಮಿಗೆ ಅತಿ ಸಮೀಪಕ್ಕೆ ಬಂದದ್ದು ಅಕ್ಟೋಬರ್ 21ರಂದು, ದೀಪಾವಳಿಯ ಅಮಾವಾಸ್ಯೆಯ ದಿನ. ಚಂದ್ರನ ಕಾಟವಿರಲಿಲ್ಲ; ಪಟಾಕಿಯ ಹೊಗೆ ಇತ್ತು.

ಹಾಗಾದರೆ ಮುಂದಿನ ಧೂಮಕೇತುವಿನ ಸುದ್ದಿ ಬಂದಾಗ ನೋಡಬೇಕಾದದ್ದು ತಲೆಬರಹದಲ್ಲಿರುವ ಕಾಂತಿಮಾನವನ್ನಲ್ಲ. ಅದು ಮೊದಲ ಬಾರಿ ಬರುತ್ತಿರುವುದೋ, ಹಿಂದೊಮ್ಮೆ ಬಂದದ್ದೋ ಎಂಬುದನ್ನು ಕೇಳಬೇಕು. ಪುರರವಿ ಎಷ್ಟು ಹತ್ತಿರ ಎಂಬುದನ್ನು ನೋಡಬೇಕು. ತೀರ ಹತ್ತಿರವಾದರೆ ಒಡೆಯುವ ಅಪಾಯ, ತೀರ ದೂರವಾದರೆ ಬೆಳಗುವುದೇ ಇಲ್ಲ. ಬೆಳಗುವ ದಿನಗಳಲ್ಲಿ ಅದು ಸೂರ್ಯನಿಂದ ಎಷ್ಟು ಡಿಗ್ರಿ ದೂರವಿರುತ್ತದೆ, ನಮ್ಮ ಅಕ್ಷಾಂಶದಲ್ಲಿ ಸಂಜೆಯ ಬೆಳಕು ಕಳೆಯುವ ಹೊತ್ತಿಗೆ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಸ್ಟೆಲ್ಲೇರಿಯಮ್‌ನಂಥ ಉಚಿತ ತಂತ್ರಾಂಶದಲ್ಲಿ ತಮ್ಮ ಊರನ್ನು ನಮೂದಿಸಿ ತಿಂಗಳುಗಳ ಮುಂಚೆಯೇ ನೋಡಿಕೊಳ್ಳಬಹುದು. ಕಾಂತಿಮಾನದ ಅಂಕಿಗೆ ಬೆಲೆ ಬರುವುದು ಪುರರವಿಗೆ ಎರಡು ಮೂರು ತಿಂಗಳಿರುವಾಗ, ಅದೂ ವೀಕ್ಷಕರ ಅಂದಾಜುಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ. ಅಷ್ಟರೊಳಗೆ ಪೂರ್ವಕ್ಕೋ ಪಶ್ಚಿಮಕ್ಕೋ ದಿಗಂತದವರೆಗೆ ಮರ, ಕಟ್ಟಡ, ಬೀದಿದೀಪ ಅಡ್ಡಬಾರದ ಜಾಗವೊಂದನ್ನು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ವೀಕ್ಷಕರು ಇದಕ್ಕಾಗಿಯೇ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹೋಗುತ್ತಾರೆ, ಆದರೆ ಧೂಮಕೇತು ಪಶ್ಚಿಮದಲ್ಲಿದ್ದರೆ ನಗರದ ಪಶ್ಚಿಮಕ್ಕೇ ಹೋಗಬೇಕು. ಪೂರ್ವದ ಬಯಲಿನಲ್ಲಿ ನಿಂತರೆ ಇಡೀ ನಗರದ ದೀಪಗಳ ಮೇಲೆಯೇ ಅದನ್ನು ಹುಡುಕಬೇಕಾಗುತ್ತದೆ.